ಬಿಚ್ಚುವ ಮುನ್ನ

ಅಜ್ಜನ ಕಾರಿನ ಸೀಟನ್ನು ಗುಜರಿಯವನಿಗೆ ಕೊಟ್ಟದ್ದು ಒಂದು ಮಂಗಳವಾರ. ಅವನು ಸ್ಪ್ರಿಂಗುಗಳನ್ನಷ್ಟೇ ಕಿತ್ತುಕೊಂಡು, ಹರಿದ ರೆಕ್ಸಿನ್ನನ್ನೂ ಒಳಗಿನ ತೆಂಗಿನ ನಾರನ್ನೂ ಶೆಡ್ಡಿನ ಹಿಂದೆ ಎಸೆದು ಹೋದ. ಸಂಜೆ ಮಳೆ ಬಂತು. ಮರುದಿನ ಕಾರಿನ ಬಾಗಿಲು ತೆಗೆದು ತಲೆ ಒಳಗಿಟ್ಟಾಗ ಮೂಗಿಗೆ ಬಂದದ್ದು ತುಕ್ಕು, ಗ್ರೀಸು, ಥಿನ್ನರು. ಪೆಟ್ರೋಲು, ಕವಳ, ಹಸಿ ಅಡಿಕೆ, ಒದ್ದೆ ಕಂಬಳಿ ಎಲ್ಲ ಸೇರಿದ ಒಂದು ವಾಸನೆಯನ್ನು ನಾನು ಚಿಕ್ಕಂದಿನಿಂದ ‘ಅಜ್ಜನ ವಾಸನೆ’ ಎಂದುಕೊಂಡಿದ್ದೆ. ಅದು ಇದ್ದದ್ದು ಆ ನಾರಿನಲ್ಲಿ. ಓಡಿಹೋಗಿ ಶೆಡ್ಡಿನ ಹಿಂದೆ ನೋಡಿದೆ. ನಾಯಿಯೊಂದು ಅದರ ಮೇಲೆ ಮಲಗಿತ್ತು. ಎಬ್ಬಿಸಲಿಲ್ಲ.

ಕಾರು 1970ರ ಫಿಯೆಟ್ 1100 ಡಿಲೈಟ್. ಮುಂಬೈಯ ಕುರ್ಲಾದಲ್ಲಿದ್ದ ಪ್ರೀಮಿಯರ್ ಕಾರ್ಖಾನೆಯಲ್ಲಿ ಹುಟ್ಟಿದ್ದು. ಇದರ ಮುಂದಿನ ಅವತಾರವೇ ಎಲ್ಲರೂ ಬಲ್ಲ ಪ್ರೀಮಿಯರ್ ಪದ್ಮಿನಿ. ಆಗ ಕಾರು ಬೇಕೆಂದರೆ ಹಣವಿದ್ದರೆ ಸಾಲದು, ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಸಾಗರದ ಸೀಮೆಯಲ್ಲಿ ನಾಲ್ಕೆಕರೆ ಅಡಿಕೆ ತೋಟವಿದ್ದ ಅಜ್ಜ ಹಾಗೇ ಕಾದು ತಂದದ್ದು. ನಂಬರು ‘ಎಂವೈ’ ಎಂದು ಶುರುವಾಗುತ್ತದೆ, ನಮ್ಮದಿನ್ನೂ ಮೈಸೂರು ರಾಜ್ಯವಾಗಿದ್ದ ಕಾಲದ ಗುರುತು. 1973ರಲ್ಲಿ ರಾಜ್ಯದ ಹೆಸರು ಬದಲಾಯಿತು, ಕಾರಿನದ್ದು ಬದಲಾಗಲಿಲ್ಲ. ಸ್ಟೀರಿಂಗಿನ ಪಕ್ಕದಲ್ಲೇ ಗೇರು, ಆದ್ದರಿಂದ ಮುಂದೆ ಅಡ್ಡಲಾಗಿ ಒಂದೇ ಉದ್ದನೆಯ ಸೀಟು. ಅಜ್ಜ, ಅಪ್ಪ, ನಡುವೆ ನಾನು. ಅಜ್ಜ ಎರಡನೇ ಗೇರಿಗೆ ಹಾಕುವಾಗಲೆಲ್ಲ ಅವನ ಮೊಣಕೈ ನನ್ನ ಎದೆಗೆ ತಾಗುತ್ತಿತ್ತು.

ಅಜ್ಜ ಹೋದ ಮೇಲೆ ಅಪ್ಪ ಕೆಲವು ವರ್ಷ ಓಡಿಸಿದ. ಆಮೇಲೆ ಮಾರುತಿ ಬಂತು, ಫಿಯೆಟ್ ಕೊಟ್ಟಿಗೆ ಸೇರಿತು. ಮಲೆನಾಡಿನ ಮಳೆಗಾಲ ತಗಡನ್ನು ಕಾಣದ ಕಡೆಯಿಂದ ತಿನ್ನುತ್ತದೆ. 2022ರಲ್ಲಿ ಟಾರ್ಪಾಲು ಎತ್ತಿದಾಗ ಕಾರು ನೋಡಲು ನೆಟ್ಟಗೇ ಇತ್ತು. ಕಾಲಿಟ್ಟರೆ ನೆಲದ ತಗಡು ಹಪ್ಪಳದ ಹಾಗೆ ಮುರಿಯಿತು. ಲಾರಿಯ ಮೇಲೆ ಹೇರಿ ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿಗೆ ಒಯ್ದೆ. ಅಲ್ಲಿ ಫಿಯೆಟ್ ಎಂದರೆ ಇವರೇ ಎಂದು ಎಲ್ಲರೂ ಬೆರಳು ತೋರಿಸುವ ಒಬ್ಬ ಹಿರಿಯ ಮೆಕ್ಯಾನಿಕ್ ಇದ್ದಾರೆ. ಕಾರಿಗೆ ಎರಡು ಸುತ್ತು ಬಂದರು, ಬಾನೆಟ್ ಎತ್ತಿ ಇಳಿಸಿದರು, ಚಹಾ ತರಿಸಿದರು. ಆಮೇಲೆ ಕೇಳಿದರು: “ಸಾರ್, ನಿಮಗೆ ಗಾಡಿ ಬೇಕಾ, ನಿಮ್ಮಜ್ಜ ಬೇಕಾ? ಮೊದ್ಲು ಹೇಳ್ಬಿಡಿ. ರೇಟು ಬೇರೆ ಬೇರೆ ಆಗ್ತದೆ.”

ನಾನು ನಕ್ಕೆ. ಅವರು ನಗಲಿಲ್ಲ.

ಅವರ ಪ್ರಶ್ನೆಯ ತೂಕ ತಿಳಿದದ್ದು ಇಂಜಿನ್ನು ಬಿಚ್ಚಿದ ದಿನ. 1089 ಸಿಸಿಯ ನಾಲ್ಕು ಸಿಲಿಂಡರಿನ ಇಂಜಿನ್ನು. ಕಾರ್ಖಾನೆಯಿಂದ ಹೊರಟಾಗ ಒಂದೊಂದು ಸಿಲಿಂಡರಿನ ಒಳಅಗಲ 68 ಮಿಲಿಮೀಟರು. ಓಡಿ ಓಡಿ ಗೋಡೆ ಸವೆಯುತ್ತದೆ, ಹೊಗೆ ಬರುತ್ತದೆ, ಆಗ ಬೋರ್ ಮಾಡಿಸುತ್ತಾರೆ. ಸವೆದದ್ದನ್ನು ಸಮ ಮಾಡಲು ಇನ್ನಷ್ಟು ಕೊರೆದು, ತುಸು ದೊಡ್ಡ ಪಿಸ್ಟನ್ನು ಕೂರಿಸುವುದು. ಅಜ್ಜ ಎರಡು ಸಲ, ಅಪ್ಪ ಒಂದು ಸಲ ಮಾಡಿಸಿದ್ದರು. ಇನ್ನು ಕೊರೆಯಲು ಗೋಡೆಯೇ ಉಳಿದಿರಲಿಲ್ಲ. ಹೊಸ ಸ್ಲೀವು ಇಳಿಸಿ ಮತ್ತೆ 68ಕ್ಕೇ ತರಬೇಕು ಎಂದರು. ಅಂದರೆ 52 ವರ್ಷಗಳಲ್ಲಿ ಮೊದಲ ಬಾರಿಗೆ ಇಂಜಿನ್ನಿಗೆ ಮೂಲದ ಅಳತೆ ಬರುವುದು ಮೂಲದ ಗೋಡೆ ಮುಚ್ಚಿಹೋದಾಗ. ಅಜ್ಜ ಸವೆಸಿದ ಕಬ್ಬಿಣದ ಮೇಲೆ, ಅಜ್ಜ ಕಂಡಿರದ ಕಬ್ಬಿಣ.

ಸರ್ಕಾರವೂ ಈ ‘ಮೂಲ’ವನ್ನು ಕೇಳುತ್ತದೆ. 2021ರ ಜುಲೈಯಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲರೂಪ ಕೆಡದ ವಾಹನ ‘ವಿಂಟೇಜ್’. ಹಳೆಯ ನಂಬರನ್ನು ಉಳಿಸಿಕೊಳ್ಳಬಹುದು. ಆದರೆ ಆ ಪಟ್ಟ ಸಿಕ್ಕ ಮೇಲೆ ಪ್ರದರ್ಶನಕ್ಕೆ, ರ್‍ಯಾಲಿಗೆ, ಪೆಟ್ರೋಲು ಹಾಕಿಸಲು, ರಿಪೇರಿಗೆ ತೆಗೆಯಬಹುದೇ ಹೊರತು ದಿನನಿತ್ಯದ ಓಡಾಟಕ್ಕಲ್ಲ. ಅಡಿಕೆ ಮೂಟೆ ಹೊತ್ತು ಸಂತೆಗೆ ಹೋದ ಗಾಡಿಗೆ ಪೀತಾಂಬರ ಉಡಿಸಿ ಕೂರಿಸಿದ ಹಾಗೆ. ನನಗೆ ಬೇಡವೆನಿಸಿತು. ಮಾಮೂಲಿ ನೋಂದಣಿಯನ್ನೇ ನವೀಕರಿಸುತ್ತ ಹೋಗುವುದೆಂದು ತೀರ್ಮಾನಿಸಿದೆ.

ಬಣ್ಣದ ಪ್ರಶ್ನೆ ಬಂತು. ಟಿಂಕರಿಂಗಿನ ಹುಡುಗ ಬಾಗಿಲ ಅಂಚಿನಲ್ಲಿ ಉಜ್ಜುಕಾಗದ ಹಿಡಿದು ತಿಕ್ಕಿದ. ಮೇಲೆ ಬಿಳಿ, ಅದು ಅಪ್ಪನ ಕಾಲದ್ದು. ಅದರ ಕೆಳಗೆ ತಿಳಿನೀಲಿ, ನನ್ನ ಬಾಲ್ಯದ ಕಾರು. ಅದರಡಿ ಪುಟ್ಟಿ, ಪುಟ್ಟಿಯಡಿ ಬೂದು. ಬೂದುಬಣ್ಣದ ಆ ಕಾರನ್ನು ನಾನು ನೋಡಿಯೇ ಇಲ್ಲ. ಅಜ್ಜ ಕಾದು ಕಾದು ಪಡೆದದ್ದು ಅದನ್ನೇ. “ಯಾವ ಬಣ್ಣ ಹೊಡೀಲಿ?” ಎಂದ ಹುಡುಗ. ಅಂಗೈಯಗಲದ ಆ ಜಾಗದಲ್ಲಿ ಮೂರು ಕಾರುಗಳು ಒಂದರೊಳಗೊಂದು ಕೂತಿದ್ದವು. ಅಜ್ಜನ ಕಾರು ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ ನಾನು, ಅಜ್ಜನ ಸಂಭ್ರಮದ ಬೂದನ್ನು ಬಿಟ್ಟು ನನ್ನ ನೆನಪಿನ ನೀಲಿಯನ್ನು ಆರಿಸಿಕೊಂಡೆ. ಇದರಲ್ಲಿ ಸ್ವಾರ್ಥವಿಲ್ಲ ಎಂದು ವಾದಿಸುವ ಧೈರ್ಯ ನನಗಿಲ್ಲ.

ಕೆಲವು ವಿಷಯದಲ್ಲಿ ಆಯ್ಕೆಯ ಮಾತೇ ಇಲ್ಲ. ಬ್ರೇಕಿನ ಹೋಸು, ಪೆಟ್ರೋಲಿನ ಪೈಪು, ವೈರಿಂಗು, ಟಯರು ಎಲ್ಲ ಹೊಸತು. ಪ್ರೀತಿಯಿಂದ ಬ್ರೇಕು ಹಿಡಿಯುವುದಿಲ್ಲ. ಪೆಟ್ರೋಲ್ ಪಂಪಿನ ವಿಷಯದಲ್ಲಿ ಮಾತ್ರ ಮೆಕ್ಯಾನಿಕರಿಗೂ ನನಗೂ ಒಂದು ವಾರ ಜಗ್ಗಾಟ. ಇಂಜಿನ್ನಿಗೆ ಅಂಟಿಕೊಂಡಿರುವ ಆ ಪಂಪು ಘಾಟಿಯಲ್ಲಿ ಕಾದು, ಪೆಟ್ರೋಲು ಒಳಗೇ ಆವಿಯಾಗಿ, ಗಾಡಿ ನಡುದಾರಿಯಲ್ಲಿ ನಿಲ್ಲುತ್ತದೆ. ಎಲೆಕ್ಟ್ರಿಕ್ ಪಂಪು ಹಾಕಿದರೆ ಆ ರಗಳೆಯಿಲ್ಲ. ಆದರೆ ಆಗುಂಬೆಯ 14 ತಿರುವುಗಳಲ್ಲಿ ಎಲ್ಲೋ ಒಂದು ಕಡೆ ಅಜ್ಜ ಕಾರು ನಿಲ್ಲಿಸಿ, ಹೆಗಲ ಬೈರಾಸವನ್ನು ಝರಿಯಲ್ಲಿ ಅದ್ದಿ ಪಂಪಿನ ಮೇಲೆ ಹೊದಿಸಿ, ಅದು ತಣಿಯುವವರೆಗೆ ಕವಳ ಹಾಕುತ್ತ ಕೂರುತ್ತಿದ್ದ. ನಾವು ಮಕ್ಕಳು ಮಂಗ ಎಣಿಸುತ್ತಿದ್ದೆವು. ಹಳೆಯ ಪಂಪೇ ಇರಲಿ ಎಂದೆ. ಅವರು ತಲೆ ಚಚ್ಚಿಕೊಂಡರು. ಅವರದ್ದೇ ಸರಿ, ಒಪ್ಪುತ್ತೇನೆ.

ಆ ದಿನಗಳಲ್ಲೇ ನಮ್ಮೂರಿನ ದೇವಸ್ಥಾನದ ಜೀರ್ಣೋದ್ಧಾರವೂ ನಡೆಯುತ್ತಿತ್ತು. ಜೀರ್ಣವೆಂದರೆ ಸವೆದದ್ದು. ಹೊಟ್ಟೆಯಲ್ಲಿ ಅರಗಿದ್ದಕ್ಕೂ ಅದೇ ಮಾತು. ಅಜ್ಜ ಅಂಗೈಯಿಟ್ಟು ಸವೆಸಿದ ಗೇರಿನ ಗುಬುಟನ್ನು ಹೊಸದು ಮಾಡಿಸದೆ ಬಿಟ್ಟದ್ದಕ್ಕೆ ನನ್ನಲ್ಲಿರುವ ಕಾರಣ ಇಷ್ಟೇ: ಅಲ್ಲಿ ಕಾರು ಅಜ್ಜನನ್ನು ಒಂದಿಷ್ಟು ಅರಗಿಸಿಕೊಂಡಿದೆ. ದೇವಸ್ಥಾನದ ಹೊಸ ನೆಲಕ್ಕೆ ಬಚ್ಚಲುಮನೆಯ ಟೈಲ್ಸು ಹಾಕಿದ್ದರ ಬಗ್ಗೆ ನನಗೆ ಸಿಟ್ಟಿದೆ, ಅದು ಬೇರೆ ಮಾತು. ನನ್ನನ್ನು ತಡೆದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ಗುಡಿಯ ಒಂದು ಹೆಂಚು ಇಳಿಸುವ ಮೊದಲು ಭಟ್ಟರು ಕಲಾಸಂಕೋಚ ಮಾಡಿದರು. ವಿಗ್ರಹದಲ್ಲಿರುವ ದೇವರ ಕಳೆಯನ್ನು ಮಂತ್ರಪೂರ್ವಕ ಕಲಶಕ್ಕೆ ಇಳಿಸಿಕೊಂಡು, ಪಕ್ಕದಲ್ಲಿ ಕಟ್ಟಿದ ಪುಟ್ಟ ಬಾಲಾಲಯದಲ್ಲಿ ಇಟ್ಟು, ದಿನದ ಪೂಜೆ ತಪ್ಪದಂತೆ ನೋಡಿಕೊಂಡರು. ಆಮೇಲೆಯೇ ಹಾರೆ, ಪಿಕಾಸಿ. ನಾನು ಅಂಥ ಆಸ್ತಿಕನಲ್ಲ. ಆದರೆ ಕೆಡಹುವವನಿಗೆ ಇಂಥದೊಂದು ಕಟ್ಟುಪಾಡು ಇರಬೇಕೆಂದು ಎಂದೋ ಯಾರಿಗೋ ಹೊಳೆದಿತ್ತಲ್ಲ: ಬಿಚ್ಚುವ ಮುನ್ನ, ಒಳಗೇನು ವಾಸವಾಗಿದೆಯೋ ಅದನ್ನು ಹೊರಗೆ ಕರೆದು ಕೂರಿಸು. ನಾನು ಸ್ಪ್ಯಾನರಿನಿಂದ ಶುರುಮಾಡಿದ್ದೆ. ಫೋಟೋ ತೆಗೆದಿದ್ದೆ, ಪ್ರತಿ ಬೋಲ್ಟನ್ನೂ ಹೆಸರು ಬರೆದ ಚೀಲದಲ್ಲಿ ಹಾಕಿಟ್ಟಿದ್ದೆ. ಆ ಸೀಟಿನಲ್ಲಿ ಕೊನೆಯದಾಗಿ ಒಂದು ಗಂಟೆ ಸುಮ್ಮನೆ ಕೂತಿರಲಿಲ್ಲ. ಮನೆಯಲ್ಲಿ ಯಾರನ್ನೂ ಏನನ್ನೂ ಕೇಳಿರಲಿಲ್ಲ.

ಕೇಳದೆ ಮಾಡಿದ ಇನ್ನೊಂದು ಕೆಲಸ ಹಿಂದಿನ ಎಡ ಬಾಗಿಲಿನದ್ದು. ಅದಕ್ಕೆ ಒಳಗಿನ ಹಿಡಿ ಇರಲಿಲ್ಲ, ತೂತು ಮಾತ್ರ. ಮುರಿದು ಹೋಗಿದೆಯೆಂದು ಬಗೆದು ಹುಡುಕಲು ಹೊರಟೆ. ಶಿವಮೊಗ್ಗದಲ್ಲಿ ಇಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಎರಡು ದಿನ ಅಲೆದೆ, ಶಿವಾಜಿನಗರದ ಗುಜರಿ ಜಾಲಾಡಿದೆ. ಪದ್ಮಿನಿಯದ್ದು ಸಿಗುತ್ತಿತ್ತು, ಇದಕ್ಕೆ ಒಪ್ಪುವುದು ಸಿಗಲಿಲ್ಲ. ಕೊನೆಗೆ ಸಿಕ್ಕಿದ್ದು ಮುಂಬೈಯಲ್ಲಿ, ಕಾರು ಹುಟ್ಟಿದ ಕುರ್ಲಾದ ಹಳೇ ಸಾಮಾನಿನ ಬೀದಿಯಲ್ಲೇ. ಅದು 2023ರ ನವೆಂಬರು. ಮುಂಬೈಯ ಕಪ್ಪು ಹಳದಿ ಪದ್ಮಿನಿ ಟ್ಯಾಕ್ಸಿಗಳಲ್ಲಿ ಕೊನೆಯದು 20 ವರ್ಷದ ಅವಧಿ ಮುಗಿಸಿ ಅಕ್ಟೋಬರ್ 30ರಂದಷ್ಟೇ ರಸ್ತೆಯಿಂದ ಇಳಿದಿತ್ತು. ಅಂಗಡಿಯವನು ಮೂರು ಡಬ್ಬ ಸುರಿದು ಹಿಡಿಯೊಂದನ್ನು ಆರಿಸಿ ಕೊಟ್ಟ. ಯಾರೋ ಸಾವಿರಾರು ಮಂದಿಯ ಬೆರಳು ತಾಕಿ ನುಣುಪಾಗಿತ್ತು.

ಕಾರು ಊರಿಗೆ ಬಂದ ದಿನ ಅಜ್ಜಿಯನ್ನು ಅಂಗಳಕ್ಕೆ ಕರೆತಂದೆ. 87 ವರ್ಷ, ಕಣ್ಣು ಮಂಜು. ಬಾನೆಟ್ಟಿನ ಹೊಳಪಿಗೆ ಏನೂ ಹೇಳಲಿಲ್ಲ. ನೇರ ಹಿಂದಿನ ಎಡ ಬಾಗಿಲಿಗೆ ಹೋಗಿ, ತೆಗೆಸಿ, ಒಳಗೆ ಕೈಯಾಡಿಸಿದಳು. ಬೆರಳು ಹಿಡಿಯ ಮೇಲೆ ನಿಂತಿತು.

“ಅಪ್ಪೀ, ಇದನ್ನ ಎಂತಕ್ಕೆ ಹಾಕ್ಸಿದೆ?”

“ಮುರಿದು ಹೋಗಿತ್ತಲ್ಲ ಅಜ್ಜಿ.”

“ಮುರೀಲಿಲ್ಲ. ನಿನ್ನಜ್ಜನೇ ಕಿತ್ತು ಹಾಕಿದ್ದು.”

1974ರಲ್ಲಿ, ಆರು ವರ್ಷದ ನನ್ನ ಅತ್ತೆ ಆ ಬಾಗಿಲಿಗೆ ಒರಗಿ ನಿಂತು ಹಿಡಿ ಎಳೆದಿದ್ದಳಂತೆ. ಮನೆಯ ತಿರುವಿನಲ್ಲಿ ಕಾರು ನಿಧಾನವಿತ್ತು, ಕೆಸರಿತ್ತು, ಬದುಕಿಕೊಂಡಳು. ಅತ್ತೆಯ ಹುಬ್ಬಿನ ಮೇಲಿನ ಕಲೆಯನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ಚಿಕ್ಕವಳಿದ್ದಾಗ ಬಿದ್ದದ್ದು ಎಂದಷ್ಟೇ ಕೇಳಿದ್ದೆ. ಆ ರಾತ್ರಿಯೇ ಅಜ್ಜ ಲಾಟೀನು ಹಿಡಿದು ಕೊಟ್ಟಿಗೆಗೆ ಹೋಗಿ ಹಿಡಿಯನ್ನು ಬಿಚ್ಚಿದ. ಮರುದಿನದಿಂದ ಹಿಂದೆ ಕೂರುವ ಮಕ್ಕಳೆಲ್ಲ ಎಡಗಡೆಯೇ ಕೂರಬೇಕೆಂದು ಅಪ್ಪಣೆಯಾಯಿತು. ಯಾರಿಗೂ ಕಾರಣ ಹೇಳಲಿಲ್ಲ. ಕಾರು ನಡೆಸುತ್ತಿದ್ದವನು ಅವನೇ ಆದ್ದರಿಂದ ಬಾಯಿ ಬಿಡಲಿಲ್ಲ ಎಂದಳು ಅಜ್ಜಿ.

ಜಂಬದ, ಜೋರು ದನಿಯ ಅಜ್ಜನನ್ನು ನಾನು ಬಲ್ಲೆ. ಲಾಟೀನಿನ ಬೆಳಕಿನಲ್ಲಿ ಒಂದು ಸ್ಕ್ರೂ ಬಿಚ್ಚುತ್ತಿದ್ದವನ ಪರಿಚಯವಾದದ್ದು ಆ ಅಂಗಳದಲ್ಲಿ. ಇಡೀ ಕಾರಿನಲ್ಲಿ ಅವನು ಇದ್ದದ್ದು ಬಹುಶಃ ಆ ಖಾಲಿ ತೂತಿನಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ. ಅದನ್ನು ಮುಚ್ಚಲು ನಾನು ಮುಂಬೈವರೆಗೆ ಹೋಗಿ ಬಂದಿದ್ದೆ.

ಹಿಡಿಯನ್ನು ಅಂದೇ ತೆಗೆದೆ. ಡ್ಯಾಷ್‌ಬೋರ್ಡಿನ ಖಾನೆಯಲ್ಲಿ, ಸ್ಪಾರ್ಕ್ ಪ್ಲಗ್ಗಿನ ಪಾನಾದ ಜತೆ ಬಿದ್ದಿದೆ. ಈಗ ನನ್ನ ಮಗಳು ಎಡಗಡೆ ಕೂರುತ್ತಾಳೆ. ಇಳಿಯಬೇಕಾದಾಗ ಗಾಜು ತಟ್ಟುತ್ತಾಳೆ, ನಾನು ಸುತ್ತಿ ಬಂದು ಹೊರಗಿನಿಂದ ತೆಗೆಯುತ್ತೇನೆ.