ಎಣಿಕೆ ಮುಗಿದ ಮೇಲೆ

ವಿದ್ಯಾಲಯಗಳಲ್ಲಿ ಚುನಾವಣೆ ಇರಬೇಕೇ, ಬೇಡವೇ ಎಂಬುದು ಹಳೆಯ ಚರ್ಚೆ. ಕಾಸರಗೋಡಿನವರಾದ ನಮಗೆ ಇದು ಮನೆಯಂಗಳದ ವಿಷಯ. ಇಲ್ಲಿನ ಶಾಲೆಗಳಲ್ಲಿ ಶಾಲಾ ಪಾರ್ಲಿಮೆಂಟಿನ ಚುನಾವಣೆ ರೂಢಿಯಲ್ಲಿದೆ. ನಾಮಪತ್ರ, ಚಿಹ್ನೆ, ಗುಪ್ತ ಮತದಾನ ಎಲ್ಲವೂ ಕ್ರಮಬದ್ಧವಾಗಿ ನೆರವೇರುತ್ತವೆ. ಈಚೆಗೆ ಕಂಪ್ಯೂಟರನ್ನೇ ಮತಯಂತ್ರವಾಗಿಸಿಕೊಂಡ ಶಾಲೆಗಳೂ ಇವೆ. ಹತ್ತು ವರ್ಷದ ಮಗು ಗಂಭೀರ ಮುಖದಿಂದ ಸಾಲಿನಲ್ಲಿ ನಿಂತಿರುವುದನ್ನು ಕಂಡು ಹಿರಿಯರು ಹಿಗ್ಗುವುದು ಸಹಜ. ಆದರೆ ಮತ ಹಾಕಲು ಕಲಿತ ಆ ಮಗು ಅದರೊಂದಿಗೆ ಮತ್ತೇನನ್ನು ಕಲಿಯಿತು ಎಂಬುದನ್ನು ವಿಚಾರಿಸುವವರು ವಿರಳ.

ಚುನಾವಣೆಯೇ ಬೇಡ, ಯೋಗ್ಯ ವಿದ್ಯಾರ್ಥಿಯನ್ನು ಅಧ್ಯಾಪಕರೇ ನೇಮಿಸಲಿ ಎನ್ನುವವರಿದ್ದಾರೆ. ಗಡಿಯಾಚೆಗಿನ ಕರ್ನಾಟಕದಲ್ಲಿ ಕಾಲೇಜು ವಿದ್ಯಾರ್ಥಿ ಸಂಘಗಳ ನೇರ ಚುನಾವಣೆ ಸುಮಾರು ಮೂರೂವರೆ ದಶಕಗಳ ಹಿಂದೆಯೇ ನಿಂತಿತು. ಜಗಳ, ಜಾತಿ, ಹಣ, ಹೊರಗಿನ ಪಕ್ಷಗಳ ಕೈವಾಡ ಇವೆಲ್ಲದರಿಂದ ಮಕ್ಕಳನ್ನು ಕಾಪಾಡಬೇಕೆಂಬ ವಾದವನ್ನು ಅಲ್ಲಗಳೆಯಲಾಗದು. ಆದರೂ ನೇಮಕದಿಂದ ಬಂದ ನಾಯಕನು ನೇಮಿಸಿದವರ ಮುಖವನ್ನೇ ನೋಡುತ್ತಾನೆ. ತನ್ನ ಸಹಪಾಠಿಗಳಿಗೆ ಉತ್ತರ ಹೇಳುವ ಅಗತ್ಯ ಅವನಿಗೆ ಬೀಳುವುದಿಲ್ಲ. 1989ರಲ್ಲಿ ಸಂವಿಧಾನದ 61ನೆಯ ತಿದ್ದುಪಡಿಯು ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿತು. ದೇಶದ ಭಾರವನ್ನು ಹದಿನೆಂಟರ ಹೆಗಲಿಗೆ ಏರಿಸಿದ ಮೇಲೆ ಅದಕ್ಕೆ ಬೇಕಾದ ಅಭ್ಯಾಸವನ್ನು ಹದಿನೇಳರವರೆಗೆ ನಿಷೇಧಿಸುವುದು, ಹೊಳೆಗೆ ಇಳಿಯುವ ದಿನದವರೆಗೂ ಈಜು ಕಲಿಸದಿದ್ದಂತೆ.

ಹಾಗೆಂದು ಚುನಾವಣೆಯಿಂದ ಎಲ್ಲವೂ ಸರಿಹೋಗುವುದೆಂದು ಭಾವಿಸುವುದೂ ಸಲ್ಲದು. ನಮ್ಮ ಕೇರಳದ ಕಾಲೇಜುಗಳು ಸಮರ್ಥ ಜನನಾಯಕರನ್ನು ಕೊಟ್ಟಿವೆ, ರಕ್ತವನ್ನೂ ಕಂಡಿವೆ. 2018ರ ಜುಲೈ ತಿಂಗಳಲ್ಲಿ ಎರ್ನಾಕುಳಂನ ಕಾಲೇಜೊಂದರಲ್ಲಿ ಗೋಡೆಬರಹದ ಕುರಿತಾದ ಜಗಳದಲ್ಲಿ ಇಪ್ಪತ್ತರ ಹರೆಯದ ವಿದ್ಯಾರ್ಥಿಯೊಬ್ಬನು ಇರಿತಕ್ಕೆ ಬಲಿಯಾದನು. ಓದಲೆಂದು ಕಳುಹಿಸಿದ ಮಗನ ದೇಹ ಮನೆಗೆ ಬರುವುದಕ್ಕೆ ಒಂದು ಗೋಡೆಯ ಮೇಲಿನ ಜಾಗ ಕಾರಣವಾಯಿತೆಂಬುದನ್ನು ಯಾವ ತಾಯಿ ತಾನೇ ಅರಗಿಸಿಕೊಂಡಾಳು?

ಇಂತಹ ಅನರ್ಥಗಳನ್ನು ತಡೆಯಲೆಂದೇ ನಿವೃತ್ತ ಮುಖ್ಯ ಚುನಾವಣಾ ಆಯುಕ್ತ ಜೆ.ಎಂ. ಲಿಂಗ್ಡೋ ಅವರ ಸಮಿತಿ ಕೆಲವು ನಿಯಮಗಳನ್ನು ಸೂಚಿಸಿತು. 2006ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಅವುಗಳ ಪಾಲನೆಗೆ ಆಜ್ಞಾಪಿಸಿತು. ಅಭ್ಯರ್ಥಿಯ ವೆಚ್ಚ 5,000 ರೂಪಾಯಿ ಮೀರಬಾರದು. ಮುದ್ರಿತ ಭಿತ್ತಿಪತ್ರ ಸಲ್ಲದು, ಕೈಬರಹದ್ದು ಮಾತ್ರ ಇರಬೇಕು. ನಾಮಪತ್ರದಿಂದ ಫಲಿತಾಂಶದವರೆಗಿನ ಕಾರ್ಯ ಹತ್ತು ದಿನಗಳೊಳಗೆ ಮುಗಿಯಬೇಕು. ಫಲಿತಾಂಶ ಬಂದ ಎರಡು ವಾರಗಳಲ್ಲಿ ಖರ್ಚಿನ ಲೆಕ್ಕ ಒಪ್ಪಿಸಬೇಕು. ಇವೆಲ್ಲ ವಿವೇಕದ ನಿಯಮಗಳೇ. ಆದರೆ ಇವು ಹೆಚ್ಚಾಗಿ ಗೆಲ್ಲುವ ದಾರಿಯನ್ನು ಶುದ್ಧಗೊಳಿಸುತ್ತವೆ. ಗೆದ್ದವನು ತನಗೆ ಮತ ಕೊಡದವರೊಡನೆ ಹೇಗೆ ನಡೆದುಕೊಳ್ಳಬೇಕೆಂಬುದನ್ನು ಯಾವ ಸಮಿತಿಯೂ ಬರೆದುಕೊಡಲಾರದು. ನನ್ನ ದೃಷ್ಟಿಯಲ್ಲಿ ನಾಯಕತ್ವದ ನಿಜವಾದ ಪರೀಕ್ಷೆ ಆರಂಭವಾಗುವುದು ಅಲ್ಲಿಯೇ, ಎಣಿಕೆ ಮುಗಿದ ಮೇಲೆ.

ಇದನ್ನು ಅರಿಯಲು ನಮಗಿಂತ ಹೆಚ್ಚಿನ ಅವಕಾಶ ಯಾರಿಗಿದೆ? 1956ರ ನವೆಂಬರ್ 1ರಂದು ರಾಜ್ಯಗಳ ಗೆರೆ ಬದಲಾದಾಗ ನಾವು ನಮ್ಮ ಊರಿನಲ್ಲಿದ್ದುಕೊಂಡೇ ಅಲ್ಪಸಂಖ್ಯಾತರಾದೆವು. ಎಲ್ಲವನ್ನೂ ಕೈಯೆತ್ತಿ ಎಣಿಸಿಯೇ ತೀರ್ಮಾನಿಸುವುದಾಗಿದ್ದರೆ ನಮ್ಮ ಮಕ್ಕಳಿಗೆ ಕನ್ನಡದ ಪಾಠ ಇರುತ್ತಿರಲಿಲ್ಲ. ಭಾಷೆಯನ್ನು ಉಳಿಸಿಕೊಳ್ಳುವ ಹಕ್ಕನ್ನು ಸಂವಿಧಾನದ 29ನೆಯ ವಿಧಿಯೂ, ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣಕ್ಕೆ ಸೌಕರ್ಯ ಒದಗಿಸುವ ಹೊಣೆಯನ್ನು 350ಎ ವಿಧಿಯೂ ಹೇಳುತ್ತವೆ. ಅಧಿಕಾರ ಯಾರದೆಂಬುದನ್ನು ಎಣಿಕೆ ನಿರ್ಧರಿಸಬಹುದು, ನ್ಯಾಯ ಯಾವುದೆಂಬುದನ್ನು ಎಣಿಕೆಗೆ ಬಿಡಲಾಗದು ಎಂಬ ತತ್ತ್ವ ಅವುಗಳ ಹಿಂದಿದೆ.

ನಾನು ಸೇವೆ ಸಲ್ಲಿಸಿದ ಒಂದು ಶಾಲೆಯಲ್ಲಿ ಮಲಯಾಳ, ಕನ್ನಡ ಎರಡೂ ಮಾಧ್ಯಮಗಳ ಡಿವಿಷನ್‌ಗಳಿದ್ದವು. ಸಂಖ್ಯಾಬಲದಿಂದ ಮಲಯಾಳ ಡಿವಿಷನ್ನಿನ ಹುಡುಗನೇ ನಾಯಕನಾಗಿದ್ದನು. ವಾರ್ಷಿಕೋತ್ಸವದ ಪಟ್ಟಿ ಸಿದ್ಧವಾದಾಗ ಕನ್ನಡ ಮಕ್ಕಳ ನಾಟಕ ಕಟ್ಟಕಡೆಯಲ್ಲಿತ್ತು. ಅಷ್ಟು ಹೊತ್ತಿಗೆ ಕೊನೆಯ ಬಸ್ಸಿಗೆಂದು ಸಭೆ ಅರ್ಧ ಖಾಲಿಯಾಗಿತ್ತು. ಹುಡುಗನಲ್ಲಿ ದ್ವೇಷವೇನೂ ಇರಲಿಲ್ಲ. ಆ ಮಕ್ಕಳೂ ತನ್ನವರೆಂಬುದು ಅವನಿಗೆ ಹೊಳೆದಿರಲಿಲ್ಲ, ಅಷ್ಟೇ. ಮರುವರ್ಷದಿಂದ ಚುನಾವಣೆಯಲ್ಲಿ ಎರಡನೆಯ ಸ್ಥಾನ ಪಡೆದವರು ನಾಯಕನ ಪಕ್ಕದಲ್ಲಿ ಕುಳಿತು ಪಟ್ಟಿಯನ್ನು ತಯಾರಿಸಬೇಕೆಂದೂ, ಪಾರ್ಲಿಮೆಂಟಿನ ಸಭೆಯಲ್ಲಿ ಮೊದಲ ಪ್ರಶ್ನೆ ಅವರದ್ದೆಂದೂ ಗೊತ್ತುಮಾಡಿದೆವು. ಸೋತ ಹುಡುಗಿ ಪ್ರಶ್ನೆ ಕೇಳಲು ಕಲಿತಳು. ಗೆದ್ದ ಹುಡುಗ ಉತ್ತರ ಹೇಳಲು ಕಲಿತನು. ಮುಂದಿನ ಉತ್ಸವದಲ್ಲಿ ಎರಡೂ ಭಾಷೆಯ ನಾಟಕಗಳು ಹಗಲು ಬೆಳಕಿನಲ್ಲೇ ನಡೆದವು.

ಈ ಅಳತೆಗೋಲನ್ನು ನಮ್ಮ ಕಡೆಗೂ ಹಿಡಿಯಬೇಕು. ಕನ್ನಡ ಮಕ್ಕಳೇ ಹೆಚ್ಚಿರುವ ಶಾಲೆಗಳೂ ಇಲ್ಲಿವೆ. ಅಲ್ಲಿ ಮನೆಯಲ್ಲಿ ಮಲಯಾಳ, ತುಳು, ಬ್ಯಾರಿ, ಮರಾಠಿ, ಕೊಂಕಣಿ ಮಾತನಾಡುವ ಮಕ್ಕಳು ಕೆಲವರಾದರೂ ಇರುತ್ತಾರೆ. ನಾವು ನಮಗಾಗಿ ಕೇಳುವ ನ್ಯಾಯವನ್ನು ಅವರಿಗೆ ಕೊಡಲು ಹಿಂಜರಿದರೆ, ನಮ್ಮ ಬೇಡಿಕೆಗೆ ನೈತಿಕ ಬಲ ಎಲ್ಲಿಂದ ಬರಬೇಕು?

ನಮ್ಮ ನಾಡಿನ ತಾಳಮದ್ದಳೆ ಈ ಪಾಠವನ್ನು ಬಹುಕಾಲದಿಂದ ಹೇಳುತ್ತ ಬಂದಿದೆ. ಇಂದು ಕರ್ಣನ ಅರ್ಥ ಹೇಳಿದವರು ನಾಳೆ ಅರ್ಜುನನ ಅರ್ಥ ಹೇಳುತ್ತಾರೆ. ಎದುರಾಳಿಯ ಮಾತನ್ನು ಪೂರ್ತಿ ಕೇಳದೆ ಉತ್ತರಿಸಿದವನನ್ನು ಸಭೆ ಮೆಚ್ಚುವುದಿಲ್ಲ. ಪ್ರಸಂಗ ಮುಗಿದ ಮೇಲೆ ಇಬ್ಬರೂ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾರೆ. ಮಾತಿನ ಯುದ್ಧದಲ್ಲಿ ಎದುರಾಳಿ ಇಲ್ಲದಿದ್ದರೆ ತನಗೂ ಸ್ಥಾನವಿಲ್ಲವೆಂಬುದನ್ನು ಅರ್ಥಧಾರಿ ಬಲ್ಲನು. ವಿದ್ಯಾರ್ಥಿ ನಾಯಕನೂ ಅದನ್ನು ಬಲ್ಲವನಾಗಬೇಕು.

ವ್ಯಾಜ್ಯದಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂಬ ಗಾದೆಯಿದೆ. ಶಾಲೆಯ ಚುನಾವಣೆ ಅಂತಹ ವ್ಯಾಜ್ಯವಾಗದಂತೆ ನೋಡಿಕೊಳ್ಳುವ ಹೊಣೆ ಅಧ್ಯಾಪಕರದ್ದಷ್ಟೇ ಅಲ್ಲ, ಮನೆಯವರದ್ದೂ ಹೌದು. ಮಗು ಮತದಾನದ ದಿನ ಮನೆಗೆ ಬಂದಾಗ, ಗೆದ್ದೆಯಾ ಎಂದು ನಾವು ಕೇಳಿಯೇ ಕೇಳುತ್ತೇವೆ. ಗೆದ್ದಿದ್ದರೆ, ಸೋತವನೊಡನೆ ಮಾತನಾಡಿ ಬಂದೆಯಾ ಎಂದೂ, ಸೋತಿದ್ದರೆ, ನಾಳೆ ಸಭೆಯಲ್ಲಿ ಏನು ಕೇಳುತ್ತೀ ಎಂದೂ ವಿಚಾರಿಸೋಣ. ನಮ್ಮ ಸಂಘಗಳ ಪದಾಧಿಕಾರಿಗಳನ್ನು ಆರಿಸುವಾಗಲೂ ಈ ಮಾತು ನೆನಪಿರಲಿ. ಮಕ್ಕಳು ನಮ್ಮನ್ನು ನೋಡಿಯೇ ಕಲಿಯುತ್ತಾರೆ.