ದೂರ ನಿಂತರೂ ಜೊತೆಗೆ ನಿಲ್ಲುವುದು

*ಇಂದಿನ ಧಮ್ಮ ಚಿಂತನೆ – ಸೆಪ್ಟೆಂಬರ್ 29*
ಬೌದ್ಧ ಅಧ್ಯಯನ ಬಳಗ, ಬಸವಾಪಟ್ಟಣ




2020ರಲ್ಲಿ ಇದೇ ದಿನ ಉತ್ತರ ಪ್ರದೇಶದ ಹತ್ರಾಸ್ ಜಿಲ್ಲೆಯ ನಮ್ಮ 19 ವರ್ಷದ ಮಗಳೊಬ್ಬಳು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡಳು. ಸೆಪ್ಟೆಂಬರ್ 14ರಂದು ಹೊಲದಲ್ಲಿ ಅವಳ ಮೇಲೆ ದಾಳಿ ನಡೆದಿತ್ತು. ಶವವನ್ನು ಒಮ್ಮೆ ಮನೆಗೆ ತರಲು ಬಿಡಿ ಎಂದು ಹೆತ್ತವರು ಬೇಡಿಕೊಂಡರೂ ಪೊಲೀಸರು ರಾತ್ರೋರಾತ್ರಿ ಸುಟ್ಟರು.

ಆ ಸುದ್ದಿ ಓದಿ ನನಗೆ ನಿದ್ದೆ ಬರಲಿಲ್ಲ. "ನಾಳೆಯೇ ಮೆರವಣಿಗೆ, ಸುತ್ತಲ ಹಳ್ಳಿಯವರೆಲ್ಲ ಬನ್ನಿ" ಎಂದು ಮೊಬೈಲಿನಲ್ಲಿ ಬರೆದೆ. ಕಳಿಸುವ ಮೊದಲು ಕೈ ತಡೆಯಿತು.

ಕಾರಣ ಹೇಳಿಬಿಡುತ್ತೇನೆ. ಆ ಆಗಸ್ಟ್‌ನಲ್ಲಿ ನಮ್ಮ ಕೇರಿಯ ಹಿರಿಯರೊಬ್ಬರ ಸಾವಿಗೆ ನಾವೆಲ್ಲ ಗುಂಪಾಗಿ ಹೋಗಿದ್ದೆವು. ಕೆಲವೇ ದಿನಗಳಲ್ಲಿ ಅದೇ ಮನೆಯ ಇನ್ನೊಬ್ಬರು ಕೊರೊನಾದಿಂದ ಹೋದರು. ಸೋಂಕು ಯಾರಿಂದ ಬಂತೋ ಯಾರಿಗೂ ಗೊತ್ತಿಲ್ಲ. ಆದರೆ ಅವತ್ತು ನನ್ನ ಮಾಸ್ಕ್ ಗಲ್ಲದ ಕೆಳಗಿತ್ತು ಎಂಬುದು ನನಗೆ ಗೊತ್ತು.

ಹಾಗೆಂದು ಸುಮ್ಮನಿರಲೂ ಆಗದು. ಹರಿಹರದಲ್ಲಿ ಹುಟ್ಟಿದ ಪ್ರೊ. ಬಿ. ಕೃಷ್ಣಪ್ಪನವರು ಪಕ್ಕದ ಭದ್ರಾವತಿಯಿಂದ ದಲಿತ ಸಂಘರ್ಷ ಸಮಿತಿ ಕಟ್ಟಿದ ಸೀಮೆ ಇದು. ಇಲ್ಲಿಯ ನಾವು ಬಾಯಿ ಮುಚ್ಚಿ ಕೂತರೆ ಆ ತಾಯಿಯ ಅಳುವಿಗೆ ಏನು ಬೆಲೆ?

ಬೆಳಿಗ್ಗೆ ಅಡಿಕೆ ಸುಲಿಯುತ್ತಿದ್ದ ದೊಡ್ಡಮ್ಮನ ಹತ್ತಿರ ಹೋಗಿ, "ಸೇರೋಣ, ಆದರೆ ಆರಾರು ಅಡಿ ದೂರ ನಿಲ್ಲೋಣ" ಎಂದೆ. ಆಕೆ ಕತ್ತಿಯಿಂದ ಕಣ್ಣೆತ್ತದೆ ಹೇಳಿದರು: "ದೂರ ನಿಲ್ಲೋದನ್ನ ನಮಗೆ ಹೇಳಿಕೊಡಬ್ಯಾಡ ಮಗ. ಹುಟ್ಟಿದಾಗಿಂದ ನಿಂತೀವಿ."

ನನಗೆ ಮಾತು ಹೊರಡಲಿಲ್ಲ. ಆಗ ಎಲ್ಲ ಕಡೆ "ಸಾಮಾಜಿಕ ಅಂತರ" ಎಂದು ಬರೆದಿದ್ದರು. ನಮ್ಮ ಹಿರಿಯರಿಗೆ ಆ ಮಾತು ಹೋಟೆಲಿನ ಹೊರಗಿಟ್ಟ ಲೋಟದಂತೆ, ಮೇಲಿನಿಂದ ಸುರಿದ ನೀರಿನಂತೆ ಕೇಳಿಸಿತು.

ಆ ಸಂಜೆ ನೆನಪಾದದ್ದು ಭಗವಾನ್ ಬುದ್ಧರು ಮತ್ತು ರೋಗಿ ಭಿಕ್ಖುವಿನ ಪ್ರಸಂಗ. ಹೊಟ್ಟೆ ಕೆಟ್ಟು, ತನ್ನ ಮಲದಲ್ಲೇ ಬಿದ್ದಿದ್ದ ಭಿಕ್ಖುವನ್ನು ಉಳಿದವರು ಬಿಟ್ಟು ದೂರ ಹೋಗಿದ್ದರು. ಬುದ್ಧರು ಆನಂದನೊಡನೆ ತಾವೇ ಅವನ ಮೈ ತೊಳೆದು ಮಲಗಿಸಿದರು. ತಮ್ಮ ಸೇವೆ ಮಾಡಬೇಕೆನ್ನುವವರು ರೋಗಿಯ ಸೇವೆ ಮಾಡಲಿ ಎಂದು ತಿಳಿಹೇಳಿದರು. ಅಲ್ಲಿ ಭಿಕ್ಖುಗಳ ತಪ್ಪು ದೂರ ನಿಂತದ್ದಷ್ಟೇ ಅಲ್ಲ, ಕೈಬಿಟ್ಟದ್ದು. ಜಾತಿಯ ಅಂತರವೂ ಕೈಬಿಡುವ ಅಂತರ. ನಮ್ಮದು ಇನ್ನೊಬ್ಬರ ಜೀವ ಕಾಯುವ ಅಂತರವಾಗಬೇಕು. ಪ್ರಾಣಹಿಂಸೆ ಮಾಡೆನು ಎಂದು ದಿನವೂ ಶೀಲ ಸ್ವೀಕರಿಸುವ ನಾವು, ನಮ್ಮ ಉಸಿರಿನಿಂದ ಒಬ್ಬ ಅಜ್ಜಿಗೆ ರೋಗ ಅಂಟಿಸಬಾರದು.

ಇದನ್ನೇ ದೊಡ್ಡಮ್ಮನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ನಿಲ್ತೀನಿ" ಎಂದರು.

ಹೀಗೆ ಮಾಡಿದೆವು:
▪️ ಬಯಲಲ್ಲಿ 11 ಜನ ಮಾತ್ರ. ನೆಲಕ್ಕೆ ಸುಣ್ಣದ ಗುರುತು.
▪️ ಮಾಸ್ಕ್ ಮೂಗಿನ ಮೇಲೆ. ಕೂಗಿದರೆ ಉಗುಳು ಹಾರುತ್ತದೆ, ಆದ್ದರಿಂದ ಘೋಷಣೆಯ ಬದಲು ಕೈಬರಹದ ಫಲಕ.
▪️ ಮೈಕ್ ಕೈಯಿಂದ ಕೈಗೆ ಇಲ್ಲ. ನೀರು ಅವರವರ ಮನೆಯಿಂದ.
▪️ ಬಂದವರ ಹೆಸರು, ಫೋನ್ ನಂಬರ್ ಬರೆದಿಟ್ಟೆವು. ಯಾರಿಗಾದರೂ ಜ್ವರ ಬಂದರೆ ಉಳಿದವರಿಗೆ ತಿಳಿಸಲು.
▪️ ಕೆಮ್ಮು, ಜ್ವರ, ಸಕ್ಕರೆ ಕಾಯಿಲೆ ಇದ್ದವರು, ವಯಸ್ಸಾದವರು ತಮ್ಮ ಬಾಗಿಲಲ್ಲೇ ಮೇಣದಬತ್ತಿ ಹಿಡಿದು ನಿಂತರು.
▪️ ನಾಡಕಚೇರಿಗೆ ಮನವಿ ಕೊಡಲು ಇಬ್ಬರೇ ಹೋದರು.

ದೊಡ್ಡಮ್ಮ ತಮ್ಮ ಬಾಗಿಲಲ್ಲಿ ನಿಂತಿದ್ದರು. ಅರ್ಧ ಗಂಟೆ ಕೈ ಇಳಿಸಲಿಲ್ಲ.

ಮೆರವಣಿಗೆ ಚಿಕ್ಕದಾಯಿತು ಎಂದು ಕೆಲವು ಹುಡುಗರಿಗೆ ಬೇಸರವಾಯಿತು. ಅವರಿಗೆ ಮಹಾಡ್ ನೆನಪಿಸಿದೆ. 1927ರ ಮಾರ್ಚ್ 20ರಂದು ಚವದಾರ್ ಕೆರೆಯ ನೀರು ಮುಟ್ಟಿದ ಮೇಲೆ ನಮ್ಮವರನ್ನು ಹೊಡೆದರು. ತಿರುಗಿ ಹೊಡೆಯಲು ಸಿದ್ಧರಾದವರನ್ನು ಬಾಬಾಸಾಹೇಬರೇ ತಡೆದರು. ಅದು ಹೇಡಿತನವಲ್ಲ, ಶಿಸ್ತು.

2020ರ ಮೇ 25ರಂದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಪೊಲೀಸನೊಬ್ಬ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ಸಹೋದರನ ಕುತ್ತಿಗೆಗೆ ಮೊಣಕಾಲೂರಿ ಕೊಂದಿದ್ದ. ಅಲ್ಲಿಯೂ ಜನ ಮಾಸ್ಕ್ ಹಾಕಿಕೊಂಡು ಬೀದಿಗಿಳಿದರು. ಅವರು ನಮಗೆ ಹೊರಗಿನವರಲ್ಲ. 1946ರಲ್ಲೇ ಬಾಬಾಸಾಹೇಬರು ಕಪ್ಪು ಜನರ ಚಿಂತಕ ಡು ಬೋಯಿಸ್ ಅವರಿಗೆ ಪತ್ರ ಬರೆದು, ವಿಶ್ವಸಂಸ್ಥೆಗೆ ಅಮೆರಿಕದ ಕಪ್ಪು ಜನರು ಸಲ್ಲಿಸಿದ ಮನವಿಯ ಪ್ರತಿ ಕೇಳಿದ್ದರು.

*ಇಂದಿನ ಅಭ್ಯಾಸ:* ಸಂಜೆ ವಂದನೆಯ ನಂತರ ಆ ಮಗಳಿಗಾಗಿ ಐದು ನಿಮಿಷ ಮೌನವಾಗಿ ಕೂರೋಣ. ಆಮೇಲೆ ನಮ್ಮನ್ನೇ ಕೇಳಿಕೊಳ್ಳೋಣ: ನಾನು ಯಾರಿಂದ ದೂರ ನಿಂತಿದ್ದೇನೆ? ಅವರನ್ನು ಕಾಯಲೋ, ಕೈಬಿಡಲೋ? ಕೈಬಿಟ್ಟವರು ಯಾರಾದರೂ ನೆನಪಾದರೆ ಇವತ್ತೇ ಫೋನ್ ಮಾಡಿ.

ಭವತು ಸಬ್ಬ ಮಂಗಲಂ. ಜೈಭೀಮ್ 💙