ತಡವಾಗಿ ಬರುವ ಸದ್ದು

ಯಲಹಂಕದ ವಾಯುನೆಲೆಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ವೈಮಾನಿಕ ಪ್ರದರ್ಶನಕ್ಕೆ ಮೊದಲ ಸಲ ಹೋದವರು ಸಾಮಾನ್ಯವಾಗಿ ಒಂದು ತಪ್ಪು ಮಾಡುತ್ತಾರೆ. ಸದ್ದು ಬಂದ ಕಡೆಗೆ ತಲೆ ಎತ್ತುತ್ತಾರೆ. ಅಲ್ಲಿ ಬರಿಯ ಆಕಾಶವಿರುತ್ತದೆ. ವಿಮಾನ ಆಗಲೇ ಮುಂದೆ ಹೋಗಿರುತ್ತದೆ. ನಾನೂ ಹಾಗೆ ಪೆಚ್ಚಾಗಿ ನಿಂತವನೇ.

ಲೆಕ್ಕವೇನೋ ಸರಳ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರು ಸಾಗುತ್ತದೆ. ಒಂದು ಕಿಲೋಮೀಟರು ದೂರದ ವಿಮಾನದ ಸದ್ದು ನಮ್ಮನ್ನು ಮುಟ್ಟಲು ಹತ್ತಿರಹತ್ತಿರ ಮೂರು ಸೆಕೆಂಡು ಬೇಕು. ಗಂಟೆಗೆ ಸಾವಿರ ಕಿಲೋಮೀಟರು ವೇಗದ ವಿಮಾನ ಅಷ್ಟರಲ್ಲಿ 800 ಮೀಟರು ದಾಟಿರುತ್ತದೆ. ಶಬ್ದದ ವೇಗವನ್ನೇ ಮೀರಿದರೆ ಆಘಾತದ ಅಲೆ ನೆಲಕ್ಕೆ ಅಪ್ಪಳಿಸುತ್ತದೆ; ಆದ್ದರಿಂದ ಜನರೆದುರು ಆ ಗಡಿಯ ಈಚೆಗೇ ಹಾರಿಸುತ್ತಾರೆ. 2020ರ ಮೇ 20ರಂದು ಬೆಂಗಳೂರಿನವರು ಭೂಕಂಪವೆಂದು ಬೆಚ್ಚಿದ್ದು ಅಂಥದೊಂದು ಪರೀಕ್ಷಾ ಹಾರಾಟದ ಸದ್ದಿಗೆ.

ಆ ಗಡಿಯ ಹತ್ತಿರ ಹೋಗಿ ಬರುವ ವಿಮಾನವನ್ನು ಕಂಡಾಗ ಮೈ ಜುಮ್ಮೆನ್ನುತ್ತದೆ. ಸುಳ್ಳು ಹೇಳಲಾರೆ, ನಾನೂ ಚಪ್ಪಾಳೆ ತಟ್ಟಿದ್ದೇನೆ. ಹಿಂದೆ ಜಾತ್ರೆಯಲ್ಲಿ ದೊಂಬರ ಹುಡುಗಿ ಹಗ್ಗದ ಮೇಲೆ ನಡೆಯುವಾಗಲೂ ಹೀಗೇ ತಟ್ಟಿದ್ದೆ. ಅವಳು ಬೀಳಬಾರದೆಂದು ಮನಸ್ಸು ಬೇಡುತ್ತಿತ್ತು. ಆದರೆ ಬೀಳುವ ಭಯವೇ ಇಲ್ಲದಿದ್ದರೆ ನಿಂತು ನೋಡುತ್ತಿದ್ದೆನೆ?

2019ರ ಫೆಬ್ರುವರಿ 19ರಂದು ಇದೇ ಯಲಹಂಕದಲ್ಲಿ, ತಾಲೀಮಿನ ವೇಳೆ ಸೂರ್ಯಕಿರಣ ತಂಡದ ಎರಡು ವಿಮಾನಗಳು ಡಿಕ್ಕಿಯಾಗಿ ಪೈಲಟ್ ಒಬ್ಬರು ತೀರಿಕೊಂಡರು. ಮರುದಿನ ಪ್ರದರ್ಶನ ಆರಂಭವಾಯಿತು. 2025ರ ನವೆಂಬರ್ 21ರಂದು ದುಬೈಯಲ್ಲಿ, ನಮ್ಮ ಬೆಂಗಳೂರಿನಲ್ಲಿ ಬೆಳೆದ ತೇಜಸ್ ಜನರ ಕಣ್ಣೆದುರೇ ಬಿದ್ದು ಅದರ ಪೈಲಟ್ ಸತ್ತರು. ಯುದ್ಧದಲ್ಲಿ ಸತ್ತವರು ದೇಶಕ್ಕಾಗಿ ಸತ್ತರೆನ್ನುತ್ತೇವೆ. ಇವರದೂ ಕರ್ತವ್ಯವೇ, ಸಂಶಯವಿಲ್ಲ. ಆದರೂ ಆ ಕರ್ತವ್ಯದಲ್ಲಿ ನಮ್ಮ ಚಪ್ಪಾಳೆಯ ಪಾಲೆಷ್ಟು ಎಂಬುದು ನನ್ನನ್ನು ಬಿಡದೆ ಕಾಡುತ್ತದೆ.

ಇನ್ನೊಂದು ಮಾತಿದೆ. ಎಚ್ಚರಿಕೆ ತಲುಪುವ ಮೊದಲೇ ತಾನು ತಲುಪುವುದು ಯುದ್ಧವಿಮಾನದ ಬಲ. ಪ್ರದರ್ಶನದಲ್ಲಿ ನಮಗೆ ಅದು ಬರುವ ಹೊತ್ತು ಗೊತ್ತಿರುತ್ತದೆ. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಕಾಯುತ್ತೇವೆ. ಯುದ್ಧ ನಡೆಯುವ ಊರುಗಳಲ್ಲಿ ಇದೇ ಸದ್ದಿಗೆ ತಾಯಂದಿರು ಮಕ್ಕಳನ್ನು ಎಳೆದುಕೊಂಡು ಒಳಗೆ ಓಡುತ್ತಾರೆ. ವಿಮಾನ ಒಂದೇ, ಮಕ್ಕಳೂ ಒಂದೇ.

ಹಾಗಾದರೆ ನೋಡಲು ಹೋಗಬಾರದೆ? ಹಾಗೆನ್ನಲು ನನಗೆ ಧೈರ್ಯವಿಲ್ಲ. ದೇಶಕ್ಕೆ ಕಾವಲು ಬೇಕು. ಮನುಷ್ಯನ ಕೌಶಲಕ್ಕೆ ಬೆರಗಾಗುವುದು ಪಾಪವೂ ಅಲ್ಲ. ಆದರೆ ಬೆರಗು ಬೆಳಕಿನಂತೆ ಥಟ್ಟನೆ ಬರುತ್ತದೆ, ವಿವೇಕ ಸದ್ದಿನಂತೆ ಹಿಂದೆ ಉಳಿಯುತ್ತದೆ. ಚಪ್ಪಾಳೆ ಮುಗಿದ ಕೂಡಲೇ ಬಸ್ಸಿಗೆ ಓಡದೆ, ಅದು ಬಂದು ಮುಟ್ಟುವವರೆಗಾದರೂ ನಾವು ನಿಲ್ಲಬೇಕು ಎನಿಸುತ್ತದೆ.